ಶನಿವಾರ ಮೂರಕ್ಕೆ ಸಾಯುತ್ತಿದ್ದ ಅಕ್ಕೋರು

ಹೋದ ತಿಂಗಳು ನಮ್ಮ ಹೊಸಪೇಟೆ ಆಫೀಸಿನಲ್ಲಿ ಅಕ್ಕೋರಿಗೆ ಬೀಳ್ಕೊಡುಗೆ ಆಯಿತು. ಶಾಲು, ಹಣ್ಣಿನ ಬುಟ್ಟಿ, ಒಂದು ಗೋಡೆ ಗಡಿಯಾರ. ಮ್ಯಾನೇಜರ್ ಸಾಹೇಬರು ಮೈಕ್ ಹಿಡಿದು, ಇವರು ಕಂಪನಿಯ ಬೆನ್ನೆಲುಬು ಎಂದು ಮೂರು ಸಲ ಹೇಳಿದರು. ಮೈಕು ನಡುನಡುವೆ ಗೊರಗೊರ ಅನ್ನುತ್ತಿತ್ತು. ಅಕ್ಕೋರ ಸರದಿ ಬಂತು. ಅವರು ಮಾತಾಡುವ ಮೊದಲು ಮೈಕಿನ ವೈರು ಹಿಡಿದು, ಅದು ಹೋದ ದಾರಿಯಲ್ಲೇ ಗೋಡೆವರೆಗೂ ನಡೆದು, ಅಲ್ಲಿ ಸಡಿಲವಾಗಿದ್ದ ಪಿನ್ನನ್ನು ಒತ್ತಿ ವಾಪಸು ಬಂದರು. ಗೊರಗೊರ ನಿಂತಿತು. ಆಮೇಲೆ ಒಂದೇ ಮಾತು:

“ಈ ಬಿಸಿಲಾಗ ನನಗ ಶಾಲು ಯಾಕ್ರಿ? ಅದರ ಬದಲಿ ಇವನಿಗೊಬ್ಬ ಕ್ಲೀನರ್ ಕೊಡ್ರಿ.”

ಇವನು ಅಂದರೆ ನಾನು. ಎಲ್ಲರೂ ಚಪ್ಪಾಳೆ ಹೊಡೆದು ನಕ್ಕರು. ಸಾಹೇಬರಂತೂ ಕಣ್ಣೊರೆಸಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಅದು ಜೋಕಲ್ಲ ಅಂತ ಆ ಹಾಲಿನಲ್ಲಿ ಗೊತ್ತಿದ್ದವರು ಇಬ್ಬರೇ.

ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಅನ್ನುತ್ತಾರೆ; ಕಂಪನಿಗೆ ಬರುವ ಮೊದಲು ಅವರು ಒಂದು ಟೈಪಿಂಗ್ ಇನ್ಸ್ಟಿಟ್ಯೂಟಿನಲ್ಲಿ ಕಲಿಸುತ್ತಿದ್ದರು. ಹೊಸಪೇಟೆಯ ಅರ್ಧ ಗುಮಾಸ್ತರ ಬೆರಳುಗಳು ಅವರು ತಿದ್ದಿದವು. ಟೈಪಿಸ್ಟ್ ಅಂತ ಕಂಪನಿ ಸೇರಿದರು, ಮುಂದೆ ಕಂಪ್ಯೂಟರ್ ಬಂತು, ಟೈಪ್‌ರೈಟರ್ ಇದ್ದ ಮೇಜಿನ ಮೇಲೆಯೇ ಅದನ್ನು ಇಟ್ಟರು. ಅಂದಿನಿಂದ ಕಂಪ್ಯೂಟರ್ ವಿಭಾಗ ಅಂದರೆ ಅಕ್ಕೋರು. ಯಾರೂ ಅವರಿಗೆ ಕಲಿಸಲಿಲ್ಲ. ಪೆಟ್ಟಿಗೆಯ ಜೊತೆ ಬಂದ ಪುಸ್ತಕ ಓದಿ, ಕೆಡಿಸಿ, ಸರಿಮಾಡಿ, ಮತ್ತೆ ಕೆಡಿಸಿ ಕಲಿತವರು.

ಆಗ ಸಂಡೂರು ಗುಡ್ಡದ ಅದಿರಿಗೆ ಎಲ್ಲಿಲ್ಲದ ಬೆಲೆ. ಚೀನಾಕ್ಕೆ ಹೋಗುತ್ತದಂತೆ ಅನ್ನುವುದೇ ಎಲ್ಲರ ಬಾಯಲ್ಲೂ. ತಿಂಗಳಿಗೊಮ್ಮೆ ಹೊಸ ಲಾರಿಗಳು ಸಾಲಾಗಿ ಬಂದು ನಿಲ್ಲುತ್ತಿದ್ದವು. ರಸ್ತೆ ಕೆಂಪು, ಗಿಡ ಕೆಂಪು, ಒಣಹಾಕಿದ ಬಿಳಿ ಅಂಗಿಯೂ ಕೆಂಪು. ಲಾರಿಯ ಜೊತೆಗೆ ಕಂಪ್ಯೂಟರೂ ಹೆಚ್ಚಿದವು. ಆಫೀಸಿನಲ್ಲಿ, ಗಣಿಯಲ್ಲಿ, ಅದಿರು ರಾಶಿ ಹಾಕುವ ಯಾರ್ಡಿನ ವೇಬ್ರಿಜ್ ಕ್ಯಾಬಿನ್ನಿನಲ್ಲಿ, ಕೊನೆಗೆ ಸಾಹೇಬರ ಮನೆಯಲ್ಲಿ ಅವರ ಮಗಳು ಗೇಮ್ ಆಡುವುದಕ್ಕೆ. ಹೆಚ್ಚದೆ ಉಳಿದದ್ದು ಅಕ್ಕೋರೊಬ್ಬರೇ.

ವೇಬ್ರಿಜ್ ಅಂದರೆ ಲಾರಿ ತೂಗುವ ಕಟ್ಟೆ. ಲಾರಿ ಹತ್ತಿ ನಿಂತರೆ ಒಳಗಿನ ಕಂಪ್ಯೂಟರಿನಲ್ಲಿ ತೂಕ ಬೀಳುತ್ತದೆ, ಚೀಟಿ ಹೊರಬರುತ್ತದೆ. ಚೀಟಿ ಇಲ್ಲದೆ ಒಂದು ಲಾರಿಯೂ ಗೇಟು ದಾಟುವ ಹಾಗಿಲ್ಲ. ನಾನು ಮೊದಲು ಸೇರಿದ್ದು ಆ ಕ್ಯಾಬಿನ್ನಿಗೇ. ಕಂಪ್ಲಿಯಲ್ಲಿ ಸೋದರಮಾವನ ಜೆರಾಕ್ಸ್ ಅಂಗಡಿಯ ಹಳೇ ಕಂಪ್ಯೂಟರನ್ನು ಬಿಚ್ಚಿ ಜೋಡಿಸಿ ಕಲಿತಿದ್ದೆ. ಕೈ ಸುಮ್ಮನಿರುತ್ತಿರಲಿಲ್ಲ. ಸೇರಿದ ಎರಡನೇ ವಾರವೇ, ಇದು ಭಾಳ ನಿಧಾನ ಇದೆ, ಸ್ವಲ್ಪ ಚುರುಕು ಮಾಡೋಣ ಅಂತ ಏನನ್ನೋ ಅಳಿಸಿದೆ. ಪರದೆ ನೀಲಿಯಾಯಿತು. ಹೊರಗೆ ಲಾರಿಗಳ ಹಾರ್ನ್ ಶುರುವಾಯಿತು.

ಅಕ್ಕೋರ ನಂಬರ್ ಗೋಡೆಯ ಮೇಲೆ ಬರೆದಿತ್ತು, ಫೋನ್ ಹಚ್ಚಿದೆ. ಆ ಕಡೆ ವಾಲಗದ ಸದ್ದು. ಹಂಪಿಯಲ್ಲಿ ಅವರ ತಂಗಿಯ ಮಗಳ ಮದುವೆ ಅಂತೆ, ನನಗೇನು ಗೊತ್ತು?

“ಯಾವ ಗುಂಡಿ ಒತ್ತಿದಿ?” ಅಂದರು.

ಹೇಳಿದೆ.

“ಅದಕ್ಕೂ ಮೊದಲ ಯಾವುದು ಒತ್ತಿದಿ? ಸುಳ್ಳು ಹೇಳಬ್ಯಾಡ. ಮಷೀನು ಹೇಳತೈತಿ, ನೀನೂ ಹೇಳು.”

ಅದನ್ನೂ ಹೇಳಿದೆ. ವಾಲಗ ಜೋರಾಯಿತು. “ತಡಿ, ಫೋನ್ ಇಡಬ್ಯಾಡ. ಬಲಗೈಯಾಗ ಅಕ್ಷತಿ ಐತಿ, ಹಾಕಿಬಿಡ್ತೀನಿ” ಅಂದರು. ಗಟ್ಟಿಮೇಳ ಮುಗಿಯುವ ತನಕ ನಾನು ಕಿವಿಗೆ ಫೋನ್ ಹಿಡಿದುಕೊಂಡು ಆ ಮದುವೆಯನ್ನು ಕೇಳಿಸಿಕೊಂಡೆ. ವಾಪಸು ಬಂದವರು, “ಹೂಂ, ಈಗ ಬಂದ್ ಮಾಡಿ ಚಾಲೂ ಮಾಡು” ಅಂದರು. ಅಲ್ಲಿ ಊಟದ ಮೊದಲ ಪಂಕ್ತಿ ಏಳುವ ಹೊತ್ತಿಗೆ ಇಲ್ಲಿ ಮೊದಲ ಲಾರಿ ಹೊರಬಿತ್ತು.

ಮಾರನೇ ದಿನ ಆಫೀಸಿನ ಜೀಪಿನಲ್ಲಿ ಯಾರ್ಡಿಗೇ ಬಂದರು. ಕೆಲಸ ಹೋಯಿತು ಅಂತ ನಾನು ಚಪ್ಪಲಿ ಹಾಕಿಕೊಂಡು ನಿಂತಿದ್ದೆ. ಕುಳ್ಳಗೆ, ಗಿಡ್ಡ ಜಡೆ, ಹೆಗಲಿಗೆ ಚೀಲ, ಚೀಲದಲ್ಲಿ ಗೋಡೆಗೆ ಬಣ್ಣ ಹೊಡೆಯುವ ಬ್ರಷ್ಷು. ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಆ ಬ್ರಷ್ಷಿನಿಂದ ಕೆಂಪು ಧೂಳು ತೆಗೆದರು. ಒಂದು ಬೊಗಸೆ ಬಂತು. “ಇನ್ನೊಂದು ವರ್ಷ ಬಿಟ್ರ ಇದರಾಗನೂ ಗಣಿ ಮಾಡಬಹುದಿತ್ತು” ಅಂದರು. ಕ್ಯಾಬಿನ್ ಗುಡಿಸುವ ಗಾದಿಲಿಂಗನನ್ನು ಕರೆದು, “ಗಾದಿಲಿಂಗಣ್ಣ, ನಿನ್ನ ಕೈ ಮುಗೀತೀನಿ, ಧೂಳು ನಮ್ಮ ವೈರಿ. ಈ ಪೆಟಿಗೀನ್ನ ಸ್ವಚ್ಛ ಇಡಪ್ಪ” ಅಂದರು. ಗಾದಿಲಿಂಗ ಎದೆ ಮುಟ್ಟಿಕೊಂಡು ಒಪ್ಪಿಕೊಂಡ. ಈ ಮಾತು ನೆನಪಿರಲಿ.

ನನ್ನನ್ನು ಬೈಯಲೇ ಇಲ್ಲ. ಆವತ್ತು ಸಂಜೆ ಸಾಹೇಬರ ಕೋಣೆಗೆ ಹೋಗಿ, ನನ್ನನ್ನು ತಮ್ಮ ವಿಭಾಗಕ್ಕೆ ಕೊಡಿ ಅಂತ ಕೇಳಿದರು.

“ಎಲ್ಲಾ ನಡೀತೈತಲ್ರಿ ಮೇಡಂ. ಎರಡನೇ ಮನುಷ್ಯ ಯಾಕ ಬೇಕು?” ಅಂದರಂತೆ ಸಾಹೇಬರು.

“ಲಾರೀನೂ ನಡೀತೈತ್ರಿ. ಆದ್ರ ಎಲ್ಲಾ ಲಾರಿಗೂ ಒಬ್ಬ ಕ್ಲೀನರ್ ಇಟ್ಟೀರಿ. ಡ್ರೈವರ್‌ಗ ಜ್ವರ ಬಂದ್ರ ಅವನ ಸ್ಟೀರಿಂಗ್ ಹಿಡೀತಾನ. ನನಗ ಜ್ವರ ಬಂದ್ರ ಯಾರ್ರಿ?”

“ನಿಮಗ ಎಲ್ಲಿ ಜ್ವರ ಬರತೈತ್ರಿ” ಅಂತ ನಕ್ಕು, ಕೊನೆಗೆ ನನ್ನ ಅರ್ಧವನ್ನು ಕೊಟ್ಟರು. ಬೆಳಿಗ್ಗೆ ವೇಬ್ರಿಜ್ಜು, ಮಧ್ಯಾಹ್ನ ಅಕ್ಕೋರ ಹತ್ತಿರ. ಡ್ರೈವರುಗಳು ನನ್ನನ್ನು ಕಂಪ್ಯೂಟರ್ ಕ್ಲೀನರ್ ಅಂತ ಕರೆಯತೊಡಗಿದರು. ನನಗೇನೂ ಬೇಜಾರಿಲ್ಲ. ವಿಭಾಗದಲ್ಲಿ ಈಗ ಒಂದೂವರೆ ಮಂದಿ.

ಅಕ್ಕೋರು ಕಲಿಸುವ ರೀತಿಯೇ ಬೇರೆ. ಕಲಿಸುವಾಗ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುವರು. ಮೌಸ್ ಮುಟ್ಟುವುದೇ ಇಲ್ಲ. ನಾನು ತಪ್ಪು ಒತ್ತುವುದನ್ನು ನೋಡುತ್ತಿದ್ದರೂ ಆ ಕೈ ಮುಂದಕ್ಕೆ ಬರುತ್ತಿರಲಿಲ್ಲ. “ನಾ ಮುಟ್ಟಿದ್ರ ಅದು ನನಗ ಬಂದಂಗ, ನಿನಗ ಬಂದಂಗಲ್ಲ” ಅನ್ನುವರು.

ಆಫೀಸಿನ, ಯಾರ್ಡಿನ ಆ ದಿನದ ಲೆಕ್ಕವೆಲ್ಲ ಸಂಜೆ ಒಂದು ಸೀಡಿಗೆ ತುಂಬಿ ಮನೆಗೆ ಒಯ್ಯುತ್ತಿದ್ದರು. ಎಲ್ಲಿ? ಮಧ್ಯಾಹ್ನ ಖಾಲಿಯಾದ ಬುತ್ತಿ ಡಬ್ಬಿಯಲ್ಲಿ! ಸ್ಟೀಲಿನ ರೊಟ್ಟಿ ಡಬ್ಬಿ, ಮುಚ್ಚಳ ಬಿಗಿ, ಧೂಳು ಹೋಗುವುದಿಲ್ಲ. “ಆಫೀಸಿಗೆ ಬೆಂಕಿ ಬಿದ್ರ ಬೀಳಲಿ, ಕಂಪನಿ ನಮ್ಮ ಅಡಿಗಿಮನಿಯಾಗ ಐತಿ” ಅನ್ನುವರು. ಒಮ್ಮೆ ಬೀದಿಯಲ್ಲಿ ಹಸಿದವನೊಬ್ಬ ಕೈಯೊಡ್ಡಿದಾಗ ಡಬ್ಬಿ ತೆಗೆದು ನೋಡಿ, “ತಮ್ಮಾ, ಇದು ತಿನ್ನಾಕ ಬರಲ್ಲೋ” ಅಂತ ಅವನನ್ನು ಹೋಟೆಲಿಗೆ ಕರೆದುಕೊಂಡು ಹೋದರು.

ಇನ್ನು ಅವರ ಸಾಯುವ ವಿಷಯ.

ಒಂದು ಶುಕ್ರವಾರ ಮಧ್ಯಾಹ್ನ ಆಫೀಸಿನ ನಡುಮಧ್ಯೆ ನಿಂತು ಘೋಷಿಸಿದರು: “ಮೂರರಿಂದ ನಾಕು ನಾನು ಸತ್ತಿರ್ತೀನಿ. ಯಾರೂ ಮಾತಾಡಸಬ್ಯಾಡ್ರಿ. ಏನಿದ್ರೂ ಇವನ್ನ ಕೇಳ್ರಿ.” ಲೆಕ್ಕಪತ್ರ ನೋಡುವ ಆಚಾರ್ಯರು ಪೆನ್ನು ಕೆಳಗಿಟ್ಟರು. “ರಾಮ ರಾಮ! ಲಕ್ಷ್ಮಿ ಬರೋ ಶುಕ್ರವಾರ ಅಂಥಾ ಮಾತು ಆಡಬಾರದ್ರಿ.”

“ಆತು ಬಿಡ್ರಿ ಆಚಾರ್ರ, ಶನಿವಾರ ಸಾಯ್ತೀನಿ.”

ಅಂದಿನಿಂದ ಪ್ರತಿ ಶನಿವಾರ ಮೂರಕ್ಕೆ ಅಕ್ಕೋರು ಸಾಯುತ್ತಿದ್ದರು. ಒಂದು ಹಳೇ ಕಂಪ್ಯೂಟರನ್ನು ಪೂರ್ತಿ ಅಳಿಸಿ ನನ್ನ ಮುಂದಿಡುವರು. ಡಬ್ಬಿಯಿಂದ ಸೀಡಿ ತೆಗೆದು ಕೊಡುವರು. ಗಂಟೆಯೊಳಗೆ ಅದರ ಮೇಲೆ ವೇಬ್ರಿಜ್ಜಿನ ಎಲ್ಲವನ್ನೂ ಮತ್ತೆ ಎಬ್ಬಿಸಬೇಕು. ತಾವು ಪಕ್ಕದ ಕುರ್ಚಿಯಲ್ಲಿ ಕಡಲೆಕಾಯಿ ಪೊಟ್ಟಣ ಬಿಚ್ಚಿ ಕೂರುವರು. ಮೊದಮೊದಲು ನಾನು ಸಿಕ್ಕಿಹಾಕಿಕೊಂಡು ಅವರ ಮುಖ ನೋಡುತ್ತಿದ್ದೆ. ಒಮ್ಮೆ ಮಾತ್ರ ಸಿಪ್ಪೆ ಉಗುಳಿ ಹೇಳಿದರು: “ಸತ್ತೋರ ಮುಖ ಏನ್ ನೋಡ್ತೀಲೇ? ವೈರ್ ನೋಡು. ಎಲ್ಲಿಂದ ಬಂದೈತಿ, ಎಲ್ಲಿಗೆ ಹೋಗೈತಿ, ಅದರ ಜೋಡಿ ನೀನೂ ಹೋಗು.”

ಎಷ್ಟು ಶನಿವಾರ ಸೋತೆನೋ ಲೆಕ್ಕವಿಲ್ಲ. ಸೋತ ದಿನ ನಾಲ್ಕಕ್ಕೆ ಸರಿಯಾಗಿ ಎದ್ದು ಕೂತು, “ಕಂಪನಿ ಮುಳುಗಿತು. ಚಾ ಕುಡಿಯೋಣ ನಡಿ” ಅನ್ನುವರು.

ಇದೆಲ್ಲ ಆಟ ಅಂದುಕೊಂಡಿದ್ದೆ. ಅವರು ಕನ್ನಡಕವನ್ನು ಮತ್ತೆ ಮತ್ತೆ ಒರೆಸುವುದು ಕಣ್ಣಿಗೆ ಬೀಳುವ ತನಕ.

“ಧೂಳು ಭಾಳ ಆಗೈತೋ. ಒಂದು ಕರೀ ದಾರ ಅಡ್ಡಾಡತೈತಿ ಕಣ್ಣಾಗ” ಅನ್ನುತ್ತಿದ್ದರು. ಧೂಳಲ್ಲ ಅದು. ಬಳ್ಳಾರಿಯ ಡಾಕ್ಟರು, ಬಲಗಣ್ಣಿನ ಒಳಪದರ ಒಂದು ಮೂಲೆಯಿಂದ ಬಿಚ್ಚಿಕೊಳ್ಳುತ್ತಿದೆ, ಹುಬ್ಬಳ್ಳಿಗೆ ಹೋಗಿ ಜಲ್ದಿ ಆಪರೇಷನ್ ಮಾಡಿಸಿ ಅಂದರು. ಆಪರೇಷನ್ನಿಗೆ ಒಂದು ದಿನ ನಿಗದಿಯಾಯಿತು. ಆ ವಾರ ಆಡಿಟ್. ಸಾಹೇಬರು, ಎರಡು ದಿನ ತಡೀರಿ ಮೇಡಂ ಅಂದರು. ಇನ್ನೊಂದು ದಿನ ನಿಗದಿಯಾಯಿತು. ಆವತ್ತು ಹೊಸ ಯಾರ್ಡಿನ ಉದ್ಘಾಟನೆ. ಅವರಿಲ್ಲದೆ ಯಾರು ಜೋಡಿಸುವವರು? ಇಷ್ಟು ಹೊತ್ತಿಗೆ ಅವರ ಬಲಗಣ್ಣಿನ ಒಂದು ಬದಿಗೆ ಪರದೆ ಬಿದ್ದ ಹಾಗಾಗಿತ್ತು. ಹುಬ್ಬಳ್ಳಿಯ ಡಾಕ್ಟರು ಫೋನಿನಲ್ಲಿ ನೇರವಾಗಿಯೇ ಹೇಳಿದರಂತೆ: ಇನ್ನೊಮ್ಮೆ ಮುಂದಕ್ಕೆ ಹಾಕಿದರೆ ಬರುವುದೇ ಬೇಡ, ಆ ಕಣ್ಣು ಹೋದಂತೆಯೇ.

ನೋಡಿ, ಇದನ್ನು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ. ಸಾಹೇಬರು ಕೆಟ್ಟವರಲ್ಲ. ಆದರೆ ಒಬ್ಬರೇ ಎಲ್ಲ ನಿಭಾಯಿಸುತ್ತಿದ್ದರೆ, ನಿಭಾಯಿಸುವವರೆಗೂ ಅದು ಯಾರಿಗೂ ತೊಂದರೆಯಂತೆ ಕಾಣುವುದೇ ಇಲ್ಲ. ನಮ್ಮಲ್ಲಿ ಒಂದು ಟೈರ್ ಪಂಕ್ಚರ್ ಆದರೆ ಎಲ್ಲರೂ ಓಡಿ ಬರುತ್ತಿದ್ದರು. ಅಕ್ಕೋರ ಕಣ್ಣಿನ ಪಂಕ್ಚರ್ ಯಾರಿಗೂ ಕೇಳಲಿಲ್ಲ.

ಹೊರಡುವ ದಿನ ಸಂಜೆ ನನ್ನ ಕೈಗೆ ರೊಟ್ಟಿ ಡಬ್ಬಿ ಕೊಟ್ಟರು. “ಇನ್ನ ಹತ್ತು ದಿನ ಇದು ನಿನ್ನ ಜೋಡಿ ಕಮಲಾಪುರಕ್ಕ ಬರತೈತಿ. ಸಂಜಿಗೆ ತುಂಬಿಕೊಂಡು ಹೋಗು. ಮರೆತು ಪಲ್ಯ ಹಾಕಿಗೀಕೀಯ ಮತ್ತ.” ನನ್ನ ಬಾಡಿಗೆ ಕೋಣೆ ಕಮಲಾಪುರದಲ್ಲಿತ್ತು. ಅಕ್ಕೋರು ತಂಗಿಯ ಜೊತೆ ಬಸ್ ಹತ್ತಿದರು. ಹತ್ತಿದ ಮೇಲೂ ಕಿಟಕಿಯಿಂದ, “ಏನರ ಆದ್ರ ಫೋನ್ ಮಾಡು” ಅಂದರು.

ನನಗೆ ಅದೇ ಭಯ. ಫೋನ್ ಮಾಡಿದರೆ ಅವರು ಖಂಡಿತ ವಾಪಸು ಬರುತ್ತಾರೆ ಅಂತ.

ಅದು ನವರಾತ್ರಿಯ ವಾರ. ಆಯುಧಪೂಜೆಗೆ ಲಾರಿ ತೊಳೆಯಬೇಕು. ಲಾರಿ ಅಷ್ಟೊಂದು ಇದ್ದುದರಿಂದ ತೊಳೆಯುವ ಕೆಲಸ ಮೂರು ದಿನ ಮೊದಲೇ ಶುರು. ಯಾರ್ಡಿನಲ್ಲಿ ಮೋಟಾರಿನ ಪೈಪು ಹಿಡಿದವನು ಗಾದಿಲಿಂಗ. ಅಕ್ಕೋರ ಆಪರೇಷನ್ ಇದ್ದದ್ದು ಬೆಳಿಗ್ಗೆ ಹನ್ನೊಂದಕ್ಕೆ. ಒಂಬತ್ತು ಗಂಟೆಗೆ ನನಗೆ ಆಫೀಸಿಗೆ ಫೋನ್ ಬಂತು. ಆ ಹತ್ತು ದಿನ ನಾನು ಬೆಳಿಗ್ಗೆಯೂ ಆಫೀಸಿನಲ್ಲೇ; ಫೋನ್ ಮಾಡಿದವಳು ನನ್ನ ಜಾಗಕ್ಕೆ ವೇಬ್ರಿಜ್ಜಿನಲ್ಲಿ ಹೊಸದಾಗಿ ಕೂತಿದ್ದ ರೇಣುಕಾ.

“ಅಣ್ಣಾ, ಕಂಪ್ಯೂಟರ್‌ನಿಂದ ಟಪ್ ಅಂತ ಸಪ್ಪಳ ಬಂತು. ಸುಟ್ಟ ವಾಸನಿ. ಭಂಡಾರ ಕುಂಕುಮ ಹಚ್ಚೈತಿ ಅದಕ್ಕ, ಮೈಯೆಲ್ಲಾ ಹಸೀ ಐತಿ.”

“ಹಸಿ ಯಾಕ?”

“ಗಾದಿಲಿಂಗಣ್ಣ ತೊಳದಾನ.”

ಬೆಳಗಿನ ಜಾವ ಲಾರಿಗಳ ಜೊತೆಗೆ ಅದನ್ನೂ ಹೊರಗೆ ತಂದು, ಸೋಪಿನ ನೀರು ಹಾಕಿ, ಪೈಪು ಬಿಟ್ಟು, ಒಳಗೂ ಹೊರಗೂ ಚೆನ್ನಾಗಿ ತೊಳೆದು, ಎಳೆಬಿಸಿಲಿಗೆ ಒಂದು ತಾಸು ಇಟ್ಟು, ಒರೆಸಿ, ಕುಂಕುಮವಿಟ್ಟು ವಾಪಸು ಜೋಡಿಸಿದ್ದ. ಅಕ್ಕೋರೇ ಹೇಳಿದ್ದರಲ್ಲ, ಧೂಳು ವೈರಿ ಅಂತ.

ನಾನು ಸಾಹೇಬರ ಕೋಣೆಗೆ ಹೋಗುವಷ್ಟರಲ್ಲಿ ಸುದ್ದಿ ಅಲ್ಲಿಗೂ ತಲುಪಿತ್ತು. ಗೂಡ್ಸ್ ರೈಲು ಬಂದು ನಿಂತಿತ್ತು. ಮಧ್ಯಾಹ್ನದೊಳಗೆ ಅದಿರು ಹೋಗದಿದ್ದರೆ ರೈಲು ಖಾಲಿಯೇ ಹೊರಡುತ್ತದೆ. ಸಾಹೇಬರು ಎದ್ದುನಿಂತು ಮೊಬೈಲ್ ಹಿಡಿದಿದ್ದರು.

“ಮೇಡಂ ಇನ್ನೂ ಒಳಗ ಹೋಗಿರಂಗಿಲ್ಲ. ಈಗ ಫೋನ್ ಮಾಡಿ ಕೇಳ್ತೀನಿ. ಬೇಕಾದ್ರ ಕಾರ್ ಕಳಸ್ತೀನಿ.”

“ಬ್ಯಾಡ್ರಿ ಸರ್.”

“ಏನು ಬ್ಯಾಡ?”

“ಫೋನ್ ಬ್ಯಾಡ್ರಿ. ಈಗ ಅವರಿಗೆ ಗೊತ್ತಾದ್ರ ಎದ್ದು ಬರ್ತಾರ. ಇದು ಮೂರನೇ ಸಲ. ಕಣ್ಣು ಹೋಕೈತ್ರಿ.”

“ನಿನ್ನ ಕೈಲೆ ಆಗಲಿಲ್ಲಂದ್ರ?”

“ಹನ್ನೊಂದರ ತನಕ ತಡೀರಿ. ಆಮ್ಯಾಲೆ ನೀವು ಮಾಡಿದ್ರೂ ಅವರು ಎತ್ತಂಗಿಲ್ಲ” ಅಂದೆ. ಈಗ ಯೋಚಿಸಿದರೆ ಅದು ಉದ್ಧಟತನ. ಸಾಹೇಬರು ಮೊಬೈಲನ್ನು ಮೇಜಿನ ಮೇಲೆ ಬೋರಲು ಇಟ್ಟರು. ಅದಕ್ಕೆ ಅವರಿಗೂ ನಾನು ಋಣಿ.

ಶನಿವಾರದ ಹಳೇ ಕಂಪ್ಯೂಟರು, ರೊಟ್ಟಿ ಡಬ್ಬಿ, ಬಣ್ಣದ ಬ್ರಷ್ಷು. ಮೂರನ್ನೂ ಜೀಪಿಗೆ ಹಾಕಿಕೊಂಡು ಹೊರಟೆ. ಯಾರ್ಡಿನ ಮುಂದೆ ಲಾರಿಗಳ ಸಾಲು ತಿರುವು ದಾಟಿ ನಿಂತಿತ್ತು. ಕ್ಯಾಬಿನ್ನಿನ ಮೆಟ್ಟಿಲ ಮೇಲೆ ಗಾದಿಲಿಂಗ ತಲೆಗೆ ಕೈ ಹಚ್ಚಿ ಕೂತಿದ್ದ.

“ಭಾಳ ಧೂಳು ಹಿಡಿದಿತ್ತೋ ತಮ್ಮಾ. ಅಕ್ಕೋರು ದವಾಖಾನಿಯಿಂದ ಬರೋದ್ರಾಗ ಲಕಲಕ ಅನ್ನಲಿ ಅಂತ ತೊಳದೆ” ಅಂದ. ಬೈಯಬೇಕು ಅಂದುಕೊಂಡು ಬಂದಿದ್ದವನು ಅವನನ್ನು ದಾಟಿ ಒಳಗೆ ಹೋದೆ.

ಕೂತೆ. ಪಕ್ಕದಲ್ಲಿ ಒಂದು ಖಾಲಿ ಕುರ್ಚಿ ಇತ್ತು. ಡಬ್ಬಿ ತೆಗೆದು ಹಿಂದಿನ ಸಂಜೆಯ ಸೀಡಿ ಹಾಕಿದೆ. ಒಂದೊಂದೇ ಎದ್ದುಬಂತು. ಲಾರಿ ನಂಬರುಗಳು, ನಿನ್ನೆಯ ಚೀಟಿಗಳು, ಪ್ರಿಂಟರು. ಹತ್ತೂಕಾಲಿಗೆ ಎಲ್ಲ ತಯಾರು, ಮೊದಲ ಲಾರಿ ಕಟ್ಟೆ ಹತ್ತಿತು.

ತೂಕ: ಸೊನ್ನೆ.

ತುಂಬಿದ ಲಾರಿ! ಡ್ರೈವರ್ ಕಿಟಕಿಯಿಂದ, “ಏ ಕ್ಲೀನರಾ, ನಾ ಏನ್ ಹತ್ತಿ ತುಂಬ್ಕೊಂಡು ಬಂದೀನೇನಲೇ?” ಅಂದ. ಹಿಂದಿನಿಂದ ಹಾರ್ನು. ನಾನು ಎಲ್ಲ ತೆರೆದು ನೋಡಿದೆ, ಮತ್ತೆ ಹಾಕಿದೆ. ಸೊನ್ನೆ. ಹತ್ತೂವರೆ ಆಯಿತು. ನನ್ನ ಕೈ ತಾನಾಗಿಯೇ ಮೊಬೈಲಿಗೆ ಹೋಯಿತು. ಒಂದೇ ಮಾತು ಕೇಳಿದರೆ ಸಾಕು, ಒಂದೇ. ಅವರ ನಂಬರ್ ಪರದೆಯ ಮೇಲೆ ಬಂತು. ಹಸಿರು ಗುಂಡಿಯ ಮೇಲೆ ಬೆರಳಿಟ್ಟು ಪಕ್ಕದ ಖಾಲಿ ಕುರ್ಚಿ ನೋಡಿದೆ.

ಸತ್ತೋರ ಮುಖ ಏನ್ ನೋಡ್ತೀಲೇ.

ಮೊಬೈಲ್ ರೇಣುಕಾಳ ಕೈಗೆ ಕೊಟ್ಟು, “ನಾನು ಕೇಳಿದ್ರೂ ಕೊಡಬ್ಯಾಡ” ಅಂದೆ. ವೈರು ಹಿಡಿದೆ. ಕಂಪ್ಯೂಟರಿನ ಹಿಂದಿನಿಂದ ಮೇಜಿನ ಕೆಳಗೆ, ಅಲ್ಲಿಂದ ಗೋಡೆಯ ಬದಿಗೆ, ಗೋಡೆಯ ತೂತಿನಿಂದ ಹೊರಗೆ. ಮೊಣಕಾಲೂರಿಕೊಂಡು ಅದರ ಜೊತೆಗೇ ಹೋದೆ. ಹೊರಗೆ ಕಟ್ಟೆಯ ಬದಿಗೆ, ವೈರು ಹೋಗಿ ಸೇರುವ ಕಬ್ಬಿಣದ ಡಬ್ಬಿಯಲ್ಲಿ ಇನ್ನೊಂದು ಪಿನ್ನು. ಗಾದಿಲಿಂಗನ ಪೈಪು ಅಲ್ಲಿಯೂ ಬಂದು ಹೋಗಿತ್ತು. ಪಿನ್ನಿನ ತುಂಬ ಕೆಂಪು ರಾಡಿ. ಅಂಗಿಯಿಂದ ಒರೆಸಿ, ಬ್ರಷ್ಷಿನಿಂದ ತಿಕ್ಕಿ, ಬಾಯಿಂದ ಊದಿ ಒಣಗಿಸಿ ಸಿಕ್ಕಿಸಿದೆ.

“ಲಾರಿ ಇಳಸ್ರಿ, ಮೊದಲು ಮಂದಿ ಹತ್ರಿ” ಅಂದೆ. ಡ್ರೈವರುಗಳು ನಗುತ್ತ ಕಟ್ಟೆಯ ಮೇಲೆ ನಿಂತರು. ಹತ್ತು ಹನ್ನೆರಡು ಮಂದಿ, ಕೊನೆಗೆ ಗಾದಿಲಿಂಗ. ಒಳಗಿನಿಂದ ರೇಣುಕಾ ಕೂಗಿದಳು: “ಏಳುನೂರಾ ನಲವತ್ತು ಕೇಜಿ!”

“ಗಾದಿಲಿಂಗಂದ ನೂರು ಅದರಾಗ” ಅಂದ ಯಾರೋ.

ಹನ್ನೊಂದಕ್ಕೆ ಐದು ನಿಮಿಷವಿತ್ತು. ಸಾಹೇಬರಿಗೆ ಸುದ್ದಿ ಹೇಳಿಸಿದೆ. ಅಲ್ಲಿ ಹುಬ್ಬಳ್ಳಿಯಲ್ಲಿ ಅಕ್ಕೋರು ಏನೂ ತಿಳಿಯದೆ ಒಳಗೆ ಹೋದರು.

ಸಂಜೆ ಅವರದೇ ಫೋನ್ ಬಂತು. ಆಪರೇಷನ್ ಆದವರು ಬೋರಲು ಮಲಗಬೇಕಂತೆ. ತಂಗಿ ಅವರ ಕಿವಿಗೆ ಫೋನ್ ಹಿಡಿದಿದ್ದರು.

“ಎಲ್ಲಾ ಹೆಂಗೈತೋ?”

“ಏನಿಲ್ರಿ ಅಕ್ಕೋರ, ಎಲ್ಲಾ ಮಸ್ತ್ ಐತ್ರಿ.”

“ಮಸ್ತ್ ಅಂದಿ ಅಂದ್ರ ಏನೋ ಆಗೈತಿ. ಹೇಳು. ಯಾವ ಗುಂಡಿ?”

ಎಲ್ಲ ಹೇಳಿದೆ. ಸೋಪು, ಕುಂಕುಮ, ಸೊನ್ನೆ, ಏಳುನೂರಾ ನಲವತ್ತು.

“ಫೋನ್ ಯಾಕ ಮಾಡಲಿಲ್ಲಲೇ?”

“ಸತ್ತೋರಿಗೆ ಯಾರು ಫೋನ್ ಮಾಡ್ತಾರ್ರಿ?”

ಆ ಕಡೆಯಿಂದ ದಿಂಬಿನೊಳಗೆ ಹುದುಗಿದ ನಗು ಬಂತು. ಅದರ ಹಿಂದೆಯೇ ತಂಗಿಯ ದನಿ: “ಅಕ್ಕಾ, ನಗಬ್ಯಾಡ, ಅಲ್ಲಾಡಬ್ಯಾಡ ಅಂದಾರ!” ಫೋನ್ ಕಟ್ಟಾಯಿತು.

ಕಣ್ಣು ಉಳಿಯಿತು. ಪೂರ್ತಿ ಮೊದಲಿನ ಹಾಗಲ್ಲ. ಬಲಬದಿಯಿಂದ ಹೋದರೆ ಸ್ವಲ್ಪ ತಡವಾಗಿ ಗುರುತು ಹಿಡಿಯುತ್ತಾರೆ, ಅಷ್ಟೇ. ವಾಪಸು ಬಂದ ದಿನ ಮೊದಲು ಹೋದದ್ದು ಗಾದಿಲಿಂಗನ ಹತ್ತಿರ. “ತಪ್ಪು ನಂದಪ್ಪ. ಸ್ವಚ್ಛ ಇಡು ಅಂದೆ, ಹೆಂಗ ಅಂತ ಹೇಳಲಿಲ್ಲ” ಅಂದು ಅವನಿಗೂ ಒಂದು ಬ್ರಷ್ಷು ಕೊಟ್ಟರು. ಆಮೇಲೆ ಸಾಹೇಬರು ನನ್ನ ಉಳಿದರ್ಧವನ್ನೂ ವಿಭಾಗಕ್ಕೆ ಬಿಟ್ಟುಕೊಟ್ಟರು. ಹಾಗೆ ಕೆಲವು ವರ್ಷ ನಾವು ಪೂರ್ತಿ ಇಬ್ಬರಿದ್ದೆವು.

ಈಗ ಅಕ್ಕೋರು ನಿವೃತ್ತರು. ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿಲ್ಲ. ಕೇಳಿದರೆ ಸಾಹೇಬರು, “ಎಲ್ಲಾ ನಡೀತೈತಲ್ಲೋ” ಅನ್ನುತ್ತಾರೆ. ನನಗೂ ಜ್ವರ ಬರುತ್ತದೆ ಅಂತ ಅವರಿಗೆ ಹೇಗೆ ಹೇಳುವುದು?

ಅದಕ್ಕೇ ಮೊನ್ನೆ ಶನಿವಾರ ರೇಣುಕಾಳನ್ನು ಆಫೀಸಿಗೆ ಕರೆಸಿದೆ. ಹಳೇ ಕಂಪ್ಯೂಟರನ್ನು ಅಳಿಸಿ ಅವಳ ಮುಂದಿಟ್ಟೆ, ರೊಟ್ಟಿ ಡಬ್ಬಿ ತೆಗೆದುಕೊಟ್ಟೆ. ಮೂರು ಹೊಡೆಯಿತು. ಆ ಗೋಡೆ ಗಡಿಯಾರವನ್ನು ಅಕ್ಕೋರು ಮನೆಗೆ ಒಯ್ಯದೆ ಇಲ್ಲೇ ತೂಗುಹಾಕಿ ಹೋಗಿದ್ದಾರೆ. ಹತ್ತು ನಿಮಿಷಕ್ಕೆ ಅವಳು ಸಿಕ್ಕಿಹಾಕಿಕೊಂಡಳು. ಎಲ್ಲಿ ತಪ್ಪಿದಳು ಅಂತ ನನಗೆ ಕಾಣುತ್ತಿತ್ತು. ಒಂದೇ ಕ್ಲಿಕ್. ಕೈ ಮುಂದೆ ಹೋಯಿತು, ಹಿಂದಕ್ಕೆಳೆದು ಬೆನ್ನ ಹಿಂದೆ ಕಟ್ಟಿಕೊಂಡೆ. ಎಷ್ಟು ಕಷ್ಟ ಗೊತ್ತೇ ಅದು? ಆರು ವರ್ಷ ಅಕ್ಕೋರು ಪ್ರತಿ ಶನಿವಾರ ಎಷ್ಟು ಕಷ್ಟಪಟ್ಟಿದ್ದರು ಅಂತ ಆಗಲೇ ತಿಳಿದದ್ದು.

“ಅಣ್ಣಾ, ಮುಂದೇನು ಒತ್ತಲಿ?” ಅಂತ ರೇಣುಕಾ ನನ್ನ ಮುಖ ನೋಡಿದಳು.

ನಾನು ಕಡಲೆಕಾಯಿ ಪೊಟ್ಟಣ ಬಿಚ್ಚಿದೆ.